ಇಬ್ಬರೂ ಸೇರಿ ಹೋಗುವ ರಜೆ

ಬೇಸಿಗೆ ಹತ್ತಿರ ಬಂತೆಂದರೆ ಆ ಪಾರ್ಲರಿನ ನೆಲದ ಮೇಲೆ ಕೂದಲಿಗಿಂತ ಹೆಚ್ಚಾಗಿ ಊರಿನ ಹೆಸರುಗಳು ಉದುರುತ್ತಿದ್ದವು. ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಕುರ್ಚಿಯಲ್ಲಿ ಕೂತವರು ಯಾರೇ ಆಗಿರಲಿ, ಮೊದಲ ಪ್ರಶ್ನೆ ಒಂದೇ, "ಈ ಸಲ ಎಲ್ಲಿಗೆ ಸವಾರಿ?" ಹೋಗುವವರು ಎಲ್ಲಿಗೆಂದು ಹೇಳಬೇಕು. ಹೋಗಿ ಬಂದವರು ಮೂರು ಮಾತು ಹೇಳಬೇಕು: ಅಲ್ಲಿ ತಿನ್ನಬೇಕಾದ್ದು ಒಂದು, ನೋಡಬೇಕಾದ್ದು ಒಂದು, ತಪ್ಪಿಸಿಕೊಳ್ಳಬೇಕಾದ್ದು ಒಂದು. ಹೇಳದೆ ಎದ್ದು ಹೋಗುವ ಹಾಗಿಲ್ಲ. "ಹೇಳ್ಲಿಲ್ಲ ಅಂದ್ರೆ ಅರ್ಧ ತಲೆ ಹಾಗೇ ಬಿಟ್ಟು ಕಳಿಸ್ತೀನಿ ನೋಡಿ" ಎಂದು ಕತ್ತರಿಯಕ್ಕ ಕತ್ತರಿ ಎತ್ತಿ ಹೆದರಿಸುತ್ತಿದ್ದಳು. ಹೆದರಿದವರು ಯಾರೂ ಇಲ್ಲ, ಆದರೂ ಎಲ್ಲರೂ ಹೇಳುತ್ತಿದ್ದರು. ಕೆಲವರಂತೂ ಕೂದಲು ಬೆಳೆಯದಿದ್ದರೂ ಇದನ್ನು ಹೇಳುವುದಕ್ಕೆಂದೇ ಬರುತ್ತಿದ್ದರು.

ಪಾರ್ಲರಿನಲ್ಲಿ ಇದ್ದದ್ದು ಎರಡೇ ಕುರ್ಚಿ. ಒಂದರ ಹಿಂದೆ ಕತ್ತರಿಯಕ್ಕ, ಇನ್ನೊಂದರ ಹಿಂದೆ ಬಣ್ಣದಕ್ಕ. ಈ ಹೆಸರುಗಳನ್ನು ಇಟ್ಟವರು ಗಿರಾಕಿಗಳು. ಕತ್ತರಿಯಕ್ಕನಿಗೆ ಬಣ್ಣ ಮುಟ್ಟಿದರೆ ಸಾಕು, ಬೆರಳ ಸಂದಿಯಲ್ಲೆಲ್ಲ ಗುಳ್ಳೆ ಏಳುತ್ತಿತ್ತು, ಕೈಗವಸು ಹಾಕಿದರೂ ಅಷ್ಟೇ. ಬಣ್ಣದಕ್ಕನ ಕೈಗೆ ಕತ್ತರಿ ಕೊಟ್ಟರೆ ಒಂದು ಕಿವಿಯ ಹತ್ತಿರ ಗಿಡ್ಡ, ಇನ್ನೊಂದರ ಹತ್ತಿರ ಉದ್ದ. ಹೀಗಾಗಿ ಒಬ್ಬಳಿಲ್ಲದೆ ಇನ್ನೊಬ್ಬಳ ಕೆಲಸ ಪೂರ್ತಿಯಾಗುತ್ತಿರಲಿಲ್ಲ. ಹದಿನಾರು ವರ್ಷದಿಂದ ಹೀಗೇ ನಡೆದಿತ್ತು, ಹೀಗೇ ನಡೆಯುತ್ತದೆ ಎಂದು ಕತ್ತರಿಯಕ್ಕ ನಂಬಿದ್ದಳು.

ಇಬ್ಬರ ಮುಂದೆಯೂ ಗೋಡೆ ಪೂರ್ತಿ ಒಂದೇ ಕನ್ನಡಿ. ಮಾತೆಲ್ಲ ಕನ್ನಡಿಯಲ್ಲೇ. ಕೈ ಗಿರಾಕಿಯ ತಲೆಯ ಮೇಲೆ, ಕಣ್ಣು ಕನ್ನಡಿಯಲ್ಲಿ, ಬಾಯಿ ಎಲ್ಲ ಕಡೆ. ಕತ್ತರಿಯಕ್ಕ ಒಂದು ಹುಬ್ಬು ಏರಿಸಿದರೆ ಬಣ್ಣದಕ್ಕನಿಗೆ ಗೊತ್ತಾಗುತ್ತಿತ್ತು, ಈ ಗಿರಾಕಿ ಚೌಕಾಸಿ ಮಾಡುತ್ತಾಳೆ ಎಂದು. ಬಣ್ಣದಕ್ಕ ತುಟಿ ಕಚ್ಚಿದರೆ ಕತ್ತರಿಯಕ್ಕನಿಗೆ ತಿಳಿಯುತ್ತಿತ್ತು, ಬಣ್ಣ ಒಂಚೂರು ಹೆಚ್ಚಾಯಿತು, ಗಿರಾಕಿಯನ್ನು ಮಾತಿನಲ್ಲಿ ಹಿಡಿದಿಡಬೇಕು ಎಂದು.

ಆದರೆ ಒಂದು ಕೊರತೆ ಇತ್ತು. ಅಂಗಡಿಗೆ ಬೀಗ ಹಾಕುವಂತಿಲ್ಲವಾದ್ದರಿಂದ ಇಬ್ಬರೂ ಒಟ್ಟಿಗೆ ಒಂದು ರಜೆಗೂ ಹೋಗಿರಲಿಲ್ಲ. ಬೇಸಿಗೆಯಲ್ಲಿ ಒಂದು ವಾರ ಒಬ್ಬಳು, ಅವಳು ಬಂದ ಮೇಲೆ ಇನ್ನೊಂದು ವಾರ ಇನ್ನೊಬ್ಬಳು. ಹೋಗಿ ಬಂದವಳು ಬಂದ ದಿನ ಸಂಜೆ ಬೇಸಿನ್ನಿಗೆ ತಲೆಯೊರಗಿಸಿ ಮಲಗಬೇಕು. ಅಂಗಡಿ ನೋಡಿಕೊಂಡವಳು ಅವಳ ತಲೆ ತೊಳೆಯಬೇಕು. ದಾರಿಯ ಧೂಳು ಇಳಿಯುವಷ್ಟರಲ್ಲಿ ರಜೆಯ ಕಥೆ ಪೂರ್ತಿ ಬರಬೇಕು. ಬಣ್ಣದಕ್ಕನ ತಲೆ ತೊಳೆಯುತ್ತಾ ಕೇಳಿದ ಊರುಗಳನ್ನು ಕತ್ತರಿಯಕ್ಕ ತಾನೇ ನೋಡಿಬಂದ ಹಾಗೆ ವರ್ಷವಿಡೀ ಗಿರಾಕಿಗಳಿಗೆ ಹೇಳುತ್ತಿದ್ದಳು. ಕೆರೆದಂಡೆಯ ಚಹಾದಂಗಡಿ, ಬೆಟ್ಟದ ಹಿಂದಿನ ಮೆಟ್ಟಿಲುಗಳ ಕೊಳ, ಗಿಣಿ ಸಾಕಿರುವ ಹೋಟೆಲಿನ ಮುದುಕಿ, ಒಂದೂ ಬಿಡದೆ. ಒಮ್ಮೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಗಿರಾಕಿಯೊಬ್ಬಳು ಬಂದು, "ಅಕ್ಕ, ಅಲ್ಲಿ ಮೆಟ್ಟಿಲೂ ಇಲ್ಲ, ಕೊಳಾನೂ ಇಲ್ಲ, ಕೇಳಿದ್ರೆ ಜನ ನಗ್ತಾರೆ" ಅಂದಾಗ, "ನೀವು ದಾರಿ ತಪ್ಪಿರ್ತೀರಿ ಬಿಡಿ" ಎಂದು ಅವಳನ್ನೇ ಗದರಿ ಕಳಿಸಿದ್ದಳು. ಬಣ್ಣದಕ್ಕನ ಮಾತೆಂದರೆ ಅಷ್ಟು ನಂಬಿಕೆ.

ಈ ವರ್ಷ ಮಾತ್ರ ಬೇರೆ. ಚಳಿ ಇಳಿಯುವ ಮೊದಲೇ ಒಂದು ದಿನ ಬಣ್ಣದಕ್ಕ ಕನ್ನಡಿಯಲ್ಲಿ ಅವಳನ್ನು ನೋಡಿ, "ಅಕ್ಕ, ಈ ಸಲ ಬಾಗಿಲು ಹಾಕ್ಬಿಡೋಣ. ಇಬ್ರೂ ಹೋಗೋಣ. ಸಮುದ್ರಕ್ಕೆ" ಅಂದಿದ್ದಳು. ಕತ್ತರಿಯಕ್ಕ ಕತ್ತರಿ ಕೆಳಗಿಟ್ಟು, ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು, ಹೋಗಿ ಅವಳ ಕೆನ್ನೆ ಹಿಂಡಿದ್ದಳು. ಐವತ್ತು ದಾಟಿದ ಹೆಂಗಸು ಕುಣಿಯುವುದೊಂದು ಬಾಕಿ!

ಅವತ್ತಿನಿಂದ ಅವಳ ಬಾಯಲ್ಲಿ ಬೇರೆ ಮಾತೇ ಇಲ್ಲ. ತರಕಾರಿಯವಳಿಗೆ ಹೇಳಿದಳು, ಎದುರಿನ ಚಪ್ಪಲಿ ಅಂಗಡಿಯವನಿಗೆ ಹೇಳಿದಳು, ಕರೆಂಟು ಬಿಲ್ಲು ಕೊಡಲು ಬಂದವನನ್ನೂ ಬಿಡಲಿಲ್ಲ. ಅವಳಿದ್ದದ್ದು ಅಣ್ಣನ ಮನೆಯಲ್ಲಿ, ಅಡುಗೆಮನೆಗೆ ಅಂಟಿಕೊಂಡ ಒಂದು ಕೋಣೆಯಲ್ಲಿ. ಮದುವೆಯ ಮಾತು ಬಂದಾಗಲೆಲ್ಲ ಏನೋ ಒಂದು ಅಡ್ಡ ಬಂದು, ಕೊನೆಗೆ ಮಾತೇ ನಿಂತುಹೋಗಿತ್ತು. ಅತ್ತಿಗೆ ಕೆಟ್ಟವಳೇನಲ್ಲ. ಆದರೆ ಬೇಸಿಗೆಯಲ್ಲಿ ಮನೆಮಂದಿಯೆಲ್ಲ ವ್ಯಾನು ಮಾಡಿಕೊಂಡು ಹೊರಡುವಾಗ ಯಾವತ್ತೂ ಒಂದು ಸೀಟು ಕಡಿಮೆ ಬೀಳುತ್ತಿತ್ತು. ಈ ವರ್ಷ ಅದೇನು ತೋಚಿತೋ, ಅತ್ತಿಗೆಯೇ ಬಂದು, "ಈ ಸಲ ನಿಂಗೂ ಒಂದು ಸೀಟು ಇಟ್ಟಿದೀನಿ ಕಣೇ, ಬಾ" ಅಂದಳು. ಕತ್ತರಿಯಕ್ಕ ಕತ್ತು ಕೊಂಕಿಸಿ, "ಇಲ್ಲ ಅತ್ತಿಗೆ, ನಂದು ಬೇರೆ ಪ್ಲಾನ್ ಆಗಿದೆ" ಅಂದಳು. ಆ ಒಂದು ಮಾತು ಹೇಳಿದ್ದಕ್ಕೆ ಎರಡು ದಿನ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಸೀಟು ಅತ್ತಿಗೆಯ ತಮ್ಮನ ಪಾಲಾಯಿತು.

ಅಂಗಡಿಯ ಬಾಡಿಗೆ ಕರಾರು ಮುಗಿದದ್ದೂ ಆಗಲೇ. ಕಟ್ಟಡದ ಯಜಮಾನ ಕಾಗದ ಹಿಡಿದು ಬಂದಾಗ ಪ್ರತಿ ಸಲ ಇಬ್ಬರೂ ಸಹಿ ಹಾಕುತ್ತಿದ್ದರು. ಈ ಸಲ ಬಣ್ಣದಕ್ಕ ಹಿಂದೆ ಸರಿದಳು. "ನೀನೊಬ್ಳೇ ಹಾಕು ಅಕ್ಕ. ದೊಡ್ಡವಳು ನೀನು. ನಿನ್ನ ಹೆಸರಲ್ಲೇ ಇರಲಿ." ಎಂಥ ಮಾತು ನೋಡಿ! ಕತ್ತರಿಯಕ್ಕನ ಕಣ್ಣಲ್ಲಿ ನೀರೇ ಬಂತು. ಒಡಹುಟ್ಟಿದವರೂ ಈ ಕಾಲದಲ್ಲಿ ಹೀಗೆ ಬಿಟ್ಟುಕೊಡುತ್ತಾರೆಯೇ? ಇನ್ನು ಮೂರು ವರ್ಷಕ್ಕೆ ಅಂಗಡಿ ತನ್ನದೆಂದು ಅವಳು ಹೆಮ್ಮೆಯಿಂದ ಸಹಿ ಹಾಕಿದಳು.

ಸಮುದ್ರದ ಊರನ್ನು ಆರಿಸಿದ್ದು ಬಣ್ಣದಕ್ಕ. ಅಲ್ಲಿಂದ ಮುಂದೆ ಆ ಊರಿಗೆ ಹೋಗಿಬಂದ ಒಬ್ಬ ಗಿರಾಕಿಯನ್ನೂ ಅವಳು ಸುಮ್ಮನೆ ಬಿಡಲಿಲ್ಲ. ಕತ್ತರಿಯಕ್ಕ ತಿನ್ನೋದೇನು, ನೋಡೋದೇನು ಎಂದು ಕೇಳಿದರೆ, ಬಣ್ಣದಕ್ಕನ ಪ್ರಶ್ನೆಗಳ ದಾರಿಯೇ ಬೇರೆ. ಸೀಸನ್ ಮುಗಿದ ಮೇಲೆ ಅಲ್ಲಿ ಜನ ಇರ್ತಾರಾ? ನೀರು ಉಪ್ಪಾ, ಸಿಹಿನಾ? ಪೇಟೆ ಬೀದಿಯಲ್ಲಿ ಬಾಡಿಗೆ ಹೇಗೆ? ಕತ್ತರಿಯಕ್ಕ ಬಿದ್ದು ಬಿದ್ದು ನಗುತ್ತಿದ್ದಳು. "ನೋಡ್ರೇ ಇವಳನ್ನ! ಒಂದು ವಾರ ಇದ್ದು ಬರೋಕೆ ಹೊರಟವಳು ಮನೆ ಕಟ್ಟೋಳ ಹಾಗೆ ಕೇಳ್ತಾಳೆ!" ಗಿರಾಕಿಗಳೂ ನಗುತ್ತಿದ್ದರು. ಬಣ್ಣದಕ್ಕನೂ ನಗುತ್ತಿದ್ದಳು, ಬಟ್ಟಲಿನಲ್ಲಿ ಬಣ್ಣ ಕಲಸುತ್ತಾ, ತಲೆ ಎತ್ತದೆ.

ಹೊರಡಲು ಇನ್ನೇನು ಕೆಲವೇ ದಿನ ಇತ್ತು. ಅವತ್ತು ಬೆಳಿಗ್ಗೆ ಬಣ್ಣದಕ್ಕ, "ಪೇಟೆಗೆ ಹೋಗಿ ಬಿಸಿಲಿಗೆ ಎರಡು ಟೋಪಿ ತರ್ತೀನಿ" ಎಂದು ಹೋಗಿದ್ದಳು. ಆಗ ಬಂದವಳು ಔಷಧಿ ಅಂಗಡಿಯವಳು. ಮೂಲೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಆಕೆ ತಿಂಗಳಿಗೊಮ್ಮೆ ಬಣ್ಣ ಹಾಕಿಸಿಕೊಳ್ಳಲು ಬರುವವಳು, ಕೂರುವುದೆಲ್ಲ ಬಣ್ಣದಕ್ಕನ ಕುರ್ಚಿಯಲ್ಲೇ. ಬಣ್ಣದಕ್ಕ ಇಲ್ಲವೆಂದು ತಿಳಿದು, "ಹಾಗಾದ್ರೆ ನೀವು ತುದಿ ಒಂಚೂರು ಕತ್ತರಿಸಿಬಿಡಿ ಅಕ್ಕ, ಅಷ್ಟರಲ್ಲಿ ಬರ್ತಾಳೇನೋ" ಎಂದು ಕೂತಳು. ಆ ಸಮುದ್ರದ ಊರಿನಲ್ಲೇ ಆಕೆಯ ಸ್ವಂತ ಅಕ್ಕನ ಮನೆ ಇತ್ತು. ಕತ್ತರಿಯಕ್ಕನಿಗೆ ಇನ್ನೇನು ಬೇಕು? ಬಾಚಣಿಗೆ ಇಡುವ ಮೊದಲೇ ಶುರು ಮಾಡಿದಳು.

"ಹೇಳಿ ಹೇಳಿ, ನಿಮ್ಮಕ್ಕ ಏನಂದ್ರು? ನಾವು ಬರೋದು ಹೇಳಿದ್ರಾ?"

"ಹೇಳ್ದೆ ಅಕ್ಕ. ಕೆಳಗಿನ ಕೋಣೆಗೆ ಸುಣ್ಣ ಹೊಡೆಸಿ ಆಯ್ತಂತೆ. ಕೊಳಾಯಿನೂ ಹಾಕಿಸಿದಾರಂತೆ."

"ಅಯ್ಯೋ, ಒಂದು ವಾರಕ್ಕೆ ಸುಣ್ಣ ಯಾಕ್ರೀ? ನಾವೇನು ಮದುಮಕ್ಕಳಾ?"

ಔಷಧಿ ಅಂಗಡಿಯವಳು ನಕ್ಕಳು. "ಒಂದು ವಾರವಾ? ಅಂಗಡಿ ಅಂದ್ಮೇಲೆ ಸುಣ್ಣ ಬೇಡ್ವಾ ಅಕ್ಕ? ಕನ್ನಡಿ ಈಗಲೇ ಹಾಕಿಸ್ಲಾ, ಅವಳು ಬಂದ್ಮೇಲೆ ಹಾಕಿಸ್ಲಾ ಅಂತ ನಮ್ಮಕ್ಕ ಕೇಳ್ತಿದ್ಲು. ಕತ್ತರಿ ಕೆಲಸಕ್ಕೆ ಹೇಗೂ ನಮ್ಮಕ್ಕನ ಮಗಳು ಇದ್ದಾಳಲ್ಲ, ಕಲ್ತು ಬಂದಿದಾಳೆ, ಇಬ್ಬರಿಗೂ ಹೊಂದುತ್ತೆ. ಅಲ್ಲಿ ವಯಸ್ಸಾದವರೇ ಜಾಸ್ತಿ, ಬಣ್ಣಕ್ಕೆ ವರ್ಷವಿಡೀ ಗಿರಾಕಿ. ನಿಮಗೂ ಸಮಾಧಾನ ಆಯ್ತಲ್ಲ ಈಗ?"

ಕತ್ತರಿಯಕ್ಕನ ಕತ್ತರಿ ಕೂದಲಿನ ಮೇಲೆ ಹಾಗೇ ನಿಂತಿತು. ಕನ್ನಡಿಯಲ್ಲಿ ಅವಳ ಮುಖ ನೋಡಿದ ಔಷಧಿ ಅಂಗಡಿಯವಳ ನಗು ಅಲ್ಲೇ ಆರಿತು.

"ಅಕ್ಕ... ನಿಮಗೆ ಗೊತ್ತಿಲ್ವಾ? 'ಕತ್ತರಿಯಕ್ಕನಿಗೆ ಎಲ್ಲಾ ಗೊತ್ತು, ಅವಳೇ ಧೈರ್ಯ ಹೇಳಿ ಕಳಿಸ್ತಿದಾಳೆ' ಅಂತ ನಂಗೆ ಬಣ್ಣದಕ್ಕನೇ ಹೇಳಿದ್ದು."

"ಗೊತ್ತು, ಗೊತ್ತು" ಅಂದಳು ಕತ್ತರಿಯಕ್ಕ. ಮಾನ ಅನ್ನುವುದು ಒಂದಿದೆಯಲ್ಲ. "ಇಷ್ಟು ಬೇಗ ಸುಣ್ಣ ಹೊಡೆಸಿದ್ದು ಗೊತ್ತಿರ್ಲಿಲ್ಲ, ಅಷ್ಟೇ." ದನಿ ಆದಷ್ಟು ಹಗುರ ಮಾಡಿಕೊಂಡು ಕೇಳಿದಳು, "ಇನ್ಯಾರಿಗೆಲ್ಲ ಹೇಳಿದಾಳೆ?"

"ಬ್ಯಾಂಕಿನಲ್ಲಿ ಕೆಲಸ ಮಾಡ್ತಾರಲ್ಲ, ಅವರಿಗೆ ಗೊತ್ತು. ಅವರ ಮೈದುನನ ಲಾರಿಯಲ್ಲೇ ತಾನೇ ಸಾಮಾನು ಹೋಗೋದು. ಆ ಊರಿನ ಕಡೆಯ ಗಿರಾಕಿಗಳಿಗೆ ಬಹುಶಃ ಎಲ್ಲರಿಗೂ ಗೊತ್ತು. ಅವರನ್ನೆಲ್ಲ ಕೇಳಿಯೇ ಅಲ್ವಾ ಜಾಗ ನೋಡಿದ್ದು?"

ಬಣ್ಣದಕ್ಕ ತನ್ನ ಕಣ್ಣೆದುರಿಗೇ ಕೇಳಿದ್ದಳು, ಈ ಕುರ್ಚಿಯ ಪಕ್ಕದ ಕುರ್ಚಿಯಲ್ಲಿ! ತಾನು ಆ ಪ್ರಶ್ನೆಗಳಿಗೆ ನಕ್ಕಿದ್ದಳು, ಗಿರಾಕಿಗಳನ್ನೂ ನಗಿಸಿದ್ದಳು. ಅವರೆಲ್ಲ ಯಾಕೆ ನಕ್ಕರು? ಗೊತ್ತಿಲ್ಲದೆ ನಕ್ಕರೋ, ಗೊತ್ತಿದ್ದೂ ತನ್ನನ್ನು ನೋಡಿ ನಕ್ಕರೋ? ಆದರೂ ಎರಡು ಕಡೆಯೂ ಸಮ ಬರುವ ಹಾಗೆ ತುದಿ ಕತ್ತರಿಸಿ, ಕತ್ತು ಒರೆಸಿ, ಕೊರಳ ಬಟ್ಟೆ ಬಿಚ್ಚಿ ಝಾಡಿಸಿದಳು. ಔಷಧಿ ಅಂಗಡಿಯವಳು ಬಣ್ಣಕ್ಕೆ ಕಾಯದೆ, ಇನ್ನೊಂದು ದಿನ ಬರುತ್ತೇನೆಂದು ಕಾಲಿಗೆ ಬುದ್ಧಿ ಹೇಳಿದಳು.

ಬಣ್ಣದಕ್ಕ ಬಂದಾಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಎರಡು ಅಗಲ ಅಂಚಿನ ಟೋಪಿಗಳನ್ನು ಒಂದರ ಮೇಲೊಂದು ತಲೆಗೆ ಹಾಕಿಕೊಂಡೇ ಬಂದಿದ್ದಳು. "ನೋಡಕ್ಕ, ನಿಂಗೆ ನೀಲಿ ಪಟ್ಟಿದು. ಹಾಕ್ಕೋ, ಹೇಗೆ ಕಾಣ್ತೀಯ ನೋಡೋಣ" ಎಂದು ಒಂದನ್ನು ಮುಂದೆ ಹಿಡಿದಳು. ಕತ್ತರಿಯಕ್ಕ ಕೈ ಚಾಚಲಿಲ್ಲ.

"ಕೋಣೆಗೆ ಸುಣ್ಣ ಹೊಡೆದಾಯ್ತಂತೆ" ಅಂದಳು. "ಕನ್ನಡಿ ಈಗಲೇ ಹಾಕಿಸೋದಾ, ನೀನು ಹೋದ್ಮೇಲಾ ಅಂತ ಕೇಳಿದಾರೆ. ಏನು ಹೇಳ್ಲಿ?"

ಬಣ್ಣದಕ್ಕ ಟೋಪಿಯನ್ನು ಮೆಲ್ಲಗೆ ಕುರ್ಚಿಯ ಮೇಲಿಟ್ಟಳು. ತನ್ನ ಜಾಗಕ್ಕೆ ಹೋಗಿ, ಸ್ವಚ್ಛವಾಗಿಯೇ ಇದ್ದ ಬ್ರಷ್ಷುಗಳನ್ನು ಮತ್ತೆ ಜೋಡಿಸತೊಡಗಿದಳು. ಕನ್ನಡಿಯಲ್ಲಿ ಕತ್ತರಿಯಕ್ಕನನ್ನು ನೋಡುತ್ತಾ, "ಹೇಳ್ಬೇಕು ಅಂತಲೇ ಇದ್ದೆ ಅಕ್ಕ..." ಎಂದು ಶುರು ಮಾಡಿದಳು.

"ಕನ್ನಡಿ ಬಿಡು. ಈ ಕಡೆ ತಿರುಗಿ ಮಾತಾಡು."

ತಿರುಗಿದಳು. ಹದಿನಾರು ವರ್ಷ ಕನ್ನಡಿಯಲ್ಲಿ ನೋಡಿದ ಮುಖ ಎದುರಿಗೆ ಬಂದು ನಿಂತರೆ, ಬೈತಲೆ ಆ ಕಡೆಯದು ಈ ಕಡೆಗೆ ಬಂದು, ಯಾರೋ ಪರಿಚಯವಿಲ್ಲದವಳ ಹಾಗೆ ಕಂಡಳು.

"ಅಲ್ಲಿಗೆ ಹೋದ್ಮೇಲೆ ಹೇಳೋಣ ಅಂತಿದ್ದೆ" ಅಂದಳು ಬಣ್ಣದಕ್ಕ. "ಒಂದು ವಾರ ಇಬ್ರೂ ಚೆನ್ನಾಗಿ ಸುತ್ತಾಡಿ, ಕೊನೇ ದಿನ ಸಮುದ್ರದ ಮುಂದೆ ಕೂತ್ಕೊಂಡು..."

"ಕೊನೇ ದಿನ ಹೇಳಿ? ಆಮೇಲೆ ನಾನು?"

"ನಿಂಗೆ ವಾಪಸ್ ಟಿಕೆಟ್ ಮಾಡಿಸಿದೀನಿ ಅಕ್ಕ. ಕಿಟಕಿ ಪಕ್ಕದ್ದೇ."

"ನಂಗೊಬ್ಬಳಿಗೆ."

ಬಣ್ಣದಕ್ಕ ಹೌದೆಂದು ತಲೆ ಆಡಿಸಿದಳು. ಅಬ್ಬಾ, ಕಿಟಕಿ ಪಕ್ಕದ್ದಂತೆ! ತಿಂಗಳುಗಟ್ಟಲೆ ಬೀದಿಗೆಲ್ಲ ಡಂಗುರ ಸಾರಿದ ರಜೆ ಇದೇ ಏನು? ಮುದ್ದು ಮಾಡಿ, ಟೋಪಿ ಹಾಕಿಸಿ, ಸಮುದ್ರ ತೋರಿಸಿ, ರೈಲು ಹತ್ತಿಸಿ ಕಳಿಸುವುದು. ಕತ್ತರಿಯಕ್ಕನಿಗೆ ಈಗ ಬಾಡಿಗೆ ಕರಾರೂ ಅರ್ಥವಾಯಿತು. ದೊಡ್ಡವಳು ನೀನು ಅಂದಿದ್ದಳಲ್ಲ, ಆ ದೊಡ್ಡತನದ ಬೆಲೆಯೂ ಅರ್ಥವಾಯಿತು.

"ಅದಕ್ಕೇ ಸಹಿ ನನ್ನೊಬ್ಬಳ ಕೈಲಿ ಹಾಕಿಸಿದ್ದು."

"ಅಂಗಡಿ ನಿನಗೇ ಉಳೀಲಿ ಅಂತ ಅಕ್ಕ. ಕೆಟ್ಟ ಯೋಚನೆಯಿಂದ ಅಲ್ಲ, ಆಣೆಗೂ."

"ಬಣ್ಣ ಇಲ್ದೆ ಯಾವ ಅಂಗಡಿ ಉಳಿಯುತ್ತೇ? ನನ್ನ ಕೈ ನಿಂಗೆ ಗೊತ್ತಿಲ್ವಾ? ಆಣೆ ಬೇರೆ ಇಡ್ತಾಳೆ!" ಕತ್ತರಿಯಕ್ಕನ ದನಿ ಏರಿತು. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ತಿರುಗಿ ನೋಡಿದರು. ನೋಡಲಿ. "ನನ್ನಿಂದ ಏನು ತಪ್ಪಾಯ್ತು ಹೇಳು. ಪಾಲಲ್ಲಿ ಮೋಸ ಮಾಡಿದ್ನಾ? ನಿನ್ನ ಗಿರಾಕೀನ ಕಿತ್ಕೊಂಡ್ನಾ? ನಿಂಗೆ ಹುಷಾರಿಲ್ದಾಗ ನಿಮ್ಮ ಮನೆಗೆ ಬಂದು ಗಂಜಿ ಕುಡಿಸ್ಲಿಲ್ವಾ?"

"ಎಲ್ಲಾ ಮಾಡಿದೀಯ ಅಕ್ಕ."

"ಮತ್ತೆ? ಹೋಗ್ಬೇಕು ಅನ್ಸಿದ್ರೆ ಹೋಗು, ಯಾರು ಬೇಡ ಅಂದ್ರು? ಬಾಯಿಬಿಟ್ಟು ಒಂದು ಮಾತು ಹೇಳ್ಬಾರ್ದಾ? ಹೇಳಿದ್ರೆ ನಾನೂ ಬರ್ತಿದ್ನಲ್ಲೇ! ನಂಗಿಲ್ಲಿ ಯಾರಿದಾರೆ? ಅಡುಗೆಮನೆ ಪಕ್ಕದ ಕೋಣೆ ಬಿಟ್ಟು ಬರೋಕೆ ನಂಗೇನು ಕಷ್ಟ? ಇಬ್ರೂ ಅಲ್ಲೇ ಎರಡು ಕುರ್ಚಿ ಹಾಕ್ಬಹುದಿತ್ತು. ಒಂದು ಮಾತು ಹೇಳಿದ್ರೆ ಸಾಕಿತ್ತು, ಅವತ್ತೇ ಗಂಟುಮೂಟೆ ಕಟ್ತಿದ್ದೆ."

ಬಣ್ಣದಕ್ಕನ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಮಾತು ತಡವರಿಸಲಿಲ್ಲ.

"ಅದಕ್ಕೇ ಹೇಳ್ಲಿಲ್ಲ ಅಕ್ಕ."

ಕತ್ತರಿಯಕ್ಕನಿಗೆ ಮೊದಲು ಅದು ತಲೆಗೆ ಹೋಗಲಿಲ್ಲ. ಹೋದ ಮೇಲೆ ಕುರ್ಚಿಯ ಬೆನ್ನು ಹಿಡಿದುಕೊಂಡಳು. ಅಂಗಡಿ ಬಿಟ್ಟು ಹೋಗುವುದಕ್ಕಾಗಿ ಗುಟ್ಟು ಮಾಡಿದ್ದಳು ಎಂದು ಇಷ್ಟು ಹೊತ್ತು ಅಂದುಕೊಂಡಿದ್ದಳು. ಗುಟ್ಟು ಮಾಡಿದ್ದು ಅಂಗಡಿಗಾಗಿ ಅಲ್ಲ, ತನಗಾಗಿ. ತಾನು ಜೊತೆಗೆ ಹೊರಟುಬಿಡುತ್ತೇನೆಂಬ ಭಯಕ್ಕೆ.

"ನೀನು ಒಳ್ಳೆಯವಳು ಅಕ್ಕ" ಅಂದಳು ಬಣ್ಣದಕ್ಕ, ಸೆರಗಿನ ತುದಿಯಲ್ಲಿ ಮೂಗು ಒರೆಸಿಕೊಳ್ಳುತ್ತಾ. "ಆದ್ರೆ ನನ್ನನ್ನ ಯಾರಾದ್ರೂ ಏನಾದ್ರೂ ಕೇಳಿದ್ರೆ ಉತ್ತರ ನೀನು ಕೊಡ್ತೀಯ. ಯಾವ ಬಣ್ಣ ಹಾಕ್ಬೇಕು ಅಂತ ನಾನು ಬಾಯಿ ತೆಗೆಯೋದ್ರೊಳಗೆ ನೀನು ಗಿರಾಕಿಗೆ ಹೇಳಿರ್ತೀಯ. ನಾನು ಎಲ್ಲಿ ಹೋದೆ, ಏನು ತಿಂದೆ, ಯಾರ ಜೊತೆ ಮಾತಾಡ್ದೆ, ಎಲ್ಲಾ ನಿಂಗೆ ಬೇಕು. ಇವತ್ತು ಹೇಳಿದ್ದು ನಾಳೆ ಬೀದಿಗೆಲ್ಲ ಗೊತ್ತು. ನಂದು ಅಂತ ಒಂದು ಚೂರೂ ಉಳೀತಿರ್ಲಿಲ್ಲ ಅಕ್ಕ. ವರ್ಷಕ್ಕೊಂದು ವಾರ ಸಿಗ್ತಿತ್ತು. ಅದನ್ನೂ ನೀನು ಬೇಸಿನ್ನಲ್ಲಿ ಮಲಗಿಸಿ ಕೇಳ್ತಿದ್ದೆ. ಅದಕ್ಕೇ ನಾನು ಸುಳ್ಳು ಹೇಳ್ತಿದ್ದೆ. ಮೆಟ್ಟಿಲಿನ ಕೊಳ, ಗಿಣಿ ಸಾಕಿದ ಮುದುಕಿ, ಯಾವುದೂ ಇಲ್ಲ. ನಿಜವಾಗಿ ನೋಡಿದ್ದನ್ನ ನಂಗೇ ಇಟ್ಕೊಂಡೆ."

ಇಷ್ಟು ವರ್ಷ ಆ ಸುಳ್ಳು ಊರುಗಳನ್ನೇ ಕತ್ತರಿಯಕ್ಕ ಗಿರಾಕಿಗಳಿಗೆ ಹಂಚಿದ್ದಳು. ಬ್ಯಾಂಕಿನವಳನ್ನು ಗದರಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಇನ್ನೊಂದು. ಬಣ್ಣದಕ್ಕ ರಜೆಗೆ ಹೋದ ಆ ಒಂದು ವಾರ ಪ್ರತಿ ವರ್ಷವೂ ಇವಳಿಗೆ ಕಳೆಯುವುದೇ ದುಸ್ತರವಾಗುತ್ತಿತ್ತು. ಪಕ್ಕದ ಕುರ್ಚಿ ಖಾಲಿ, ಕನ್ನಡಿಯ ಅರ್ಧ ಖಾಲಿ. ಯಾವಾಗ ಬರುತ್ತಾಳೋ ಎಂದು ತಾನು ಬಾಗಿಲು ನೋಡುತ್ತಾ ಕಳೆದ ಅದೇ ವಾರ ಬಣ್ಣದಕ್ಕನಿಗೆ ಬಿಡುಗಡೆಯಾಗಿತ್ತು. ರಜೆ ಎಂದರೆ ಕೆಲಸದಿಂದ ಅಲ್ಲ, ತನ್ನಿಂದ. ಅತ್ತುಬಿಡಬೇಕೆನ್ನಿಸಿತು. ಅವಳ ಕಪಾಳಕ್ಕೆ ಎರಡು ಬಿಗಿಯಬೇಕೆಂದೂ ಅನ್ನಿಸಿತು. ಎರಡೂ ಆಗಲಿಲ್ಲ.

"ಒಂದು ಸಲ, ಬಾಯಿ ಮುಚ್ಚು ಅಕ್ಕ ಅಂದಿದ್ರೆ ಮುಚ್ತಿದ್ದೆ" ಅಂದಳು.

"ಮುಚ್ತಿರ್ಲಿಲ್ಲ ಅಕ್ಕ."

ಕತ್ತರಿಯಕ್ಕ ಕುರ್ಚಿಯ ಮೇಲಿದ್ದ ಟೋಪಿಯನ್ನು ಎತ್ತಿ ಬಣ್ಣದಕ್ಕನ ಬ್ರಷ್ಷುಗಳ ಪಕ್ಕಕ್ಕೆ ಇಟ್ಟಳು.

ಬಣ್ಣದಕ್ಕ ಒಂದು ಹೆಜ್ಜೆ ಹತ್ತಿರ ಬಂದಳು. "ಆದ್ರೂ ಬರ್ತೀಯಲ್ಲ? ಎಲ್ಲಾ ವ್ಯವಸ್ಥೆ ಆಗಿದೆ. ನಿನ್ನ ಕರ್ಕೊಂಡು ಹೋಗ್ಬೇಕು ಅಂತ ನಂಗೆ ನಿಜವಾಗ್ಲೂ ಆಸೆ ಇದೆ."

"ನಾನು ಬಂದ್ರೆ ನಿಂಗೆ ಖುಷಿನಾ? ಸತ್ಯ ಹೇಳು. ಇವತ್ತಾದ್ರೂ."

"ಒಂದು ವಾರಕ್ಕಾದ್ರೆ ಖುಷಿ ಅಕ್ಕ."

ಹೇಳಿಯೇಬಿಟ್ಟಳು ಮಹಾತಾಯಿ. ಇಷ್ಟು ವರ್ಷ ಸುಳ್ಳನ್ನು ಸಕ್ಕರೆಯ ಹಾಗೆ ತಿನ್ನಿಸಿದವಳಿಗೆ ಇವತ್ತೇ ಸತ್ಯ ನೆನಪಾಗಬೇಕಿತ್ತೇ? ಕತ್ತರಿಯಕ್ಕ ಇನ್ನೇನೋ ಹೇಳಲು ಹೊರಟಳು, ಅಷ್ಟರಲ್ಲಿ ಬಾಗಿಲು ತೆರೆದು ಸಂಗೀತದ ಟೀಚರಮ್ಮ ಒಳಗೆ ಬಂದರು. ಬಣ್ಣಕ್ಕೂ ಕತ್ತರಿಗೂ ಎರಡಕ್ಕೂ ಇವತ್ತೇ ಬರುತ್ತೇನೆಂದು ವಾರದ ಹಿಂದೆಯೇ ಹೇಳಿಟ್ಟಿದ್ದರು. ಕಿವಿ ಸ್ವಲ್ಪ ಮಂದ, ಅದಕ್ಕೇ ಆಡುವುದೆಲ್ಲ ಗಟ್ಟಿಯಾಗಿ. "ಏನ್ರೇ ಇಬ್ರೂ ಎದುರುಬದುರು ನಿಂತಿದೀರ? ಪ್ರಯಾಣದ ಸಡಗರ ಜೋರಾ?" ಎಂದು ನೇರವಾಗಿ ಹೋಗಿ ಬಣ್ಣದ ಕುರ್ಚಿಯಲ್ಲಿ ಕೂತರು.

ಬಂದ ಗಿರಾಕಿಯನ್ನು ವಾಪಸು ಕಳಿಸುವುದು ಆ ಅಂಗಡಿಯಲ್ಲಿ ಯಾವತ್ತೂ ಇಲ್ಲ. ಬಣ್ಣದಕ್ಕ ಮುಖ ತೊಳೆದುಕೊಂಡು ಬಂದು ಬಣ್ಣ ಕಲಸಿದಳು. ಎಳೆ ಎಳೆ ಬಿಡಿಸಿ ಹಚ್ಚಿದಳು. ಅದು ಹಿಡಿಯುವ ತನಕ ಕತ್ತರಿಯಕ್ಕ ನೆಲ ಗುಡಿಸಿದಳು, ಗುಡಿಸಿದ್ದನ್ನೇ ಇನ್ನೊಮ್ಮೆ ಗುಡಿಸಿದಳು. ತನ್ನ ಶಿಷ್ಯೆಯರ ಬಗ್ಗೆ, ಬಿಸಿಲಿನ ಬಗ್ಗೆ, ಹೊಸ ಕನ್ನಡಕದ ಬಗ್ಗೆ ಟೀಚರಮ್ಮ ಒಬ್ಬರೇ ಮಾತಾಡಿಕೊಂಡರು. ತಲೆ ತೊಳೆಸಿಕೊಂಡು ಕತ್ತರಿಯ ಕುರ್ಚಿಗೆ ಬಂದು ಕೂತ ಮೇಲೆ ಅವರಿಗೆ ಬೇಸಿಗೆ ನೆನಪಾಯಿತು.

"ಅಂತೂ ಇಬ್ರೂ ಜೋಡಿಯಾಗಿ ಸಮುದ್ರ ನೋಡೋಕೆ ಹೊರಟ್ರಿ! ಬೀದಿಯಲ್ಲಿ ಯಾರನ್ನ ಕೇಳಿದ್ರೂ ಅದೇ ಸುದ್ದಿ. ಸ್ವಂತ ಅಕ್ಕತಂಗಿಯರಿಗೂ ಇಂಥ ಪ್ರೀತಿ ಇರಲ್ಲ ಕಣ್ರೇ, ದೃಷ್ಟಿ ತಾಗೀತು. ಯಾವತ್ತು ಹೊರಡೋದು?"

ಪಕ್ಕದಲ್ಲಿ ಬಟ್ಟಲು ತೊಳೆಯುತ್ತಿದ್ದ ಬಣ್ಣದಕ್ಕನ ಕೈ ನಿಂತಿತು. ಕನ್ನಡಿಯಲ್ಲಿ ಅವಳು ತಲೆ ಎತ್ತಿ ನೋಡಿದಳು. ಏನೋ ಒಂದು ಹೇಳಿ ಮುಚ್ಚಿಬಿಡು, ಮಾನ ಉಳಿಸು ಎಂಬ ನೋಟ. ಆ ನೋಟದ ಅರ್ಥ ಕತ್ತರಿಯಕ್ಕನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೇಳುವುದಕ್ಕೆ ಸುಳ್ಳುಗಳಿಗೇನು ಬರವೇ? ಮಂಡಿ ನೋವು ಅನ್ನಬಹುದು, ಅಣ್ಣನ ಮನೆಯಲ್ಲಿ ಕೆಲಸ ಅನ್ನಬಹುದು.

"ಅವಳು ಹೋಗ್ತಿದಾಳೆ ಟೀಚರಮ್ಮ" ಅಂದಳು ಕತ್ತರಿಯಕ್ಕ. "ನಾನು ಹೋಗ್ತಿಲ್ಲ."

"ಅಯ್ಯೋ, ಯಾಕೇ? ಇಷ್ಟು ದಿನ ಕುಣಿದಾಡ್ತಿದ್ದೆ?"

ಟೀಚರಮ್ಮನಿಗೆ ಸರಿಯಾಗಿ ಕೇಳಿಸಲೆಂದು ಕತ್ತರಿಯಕ್ಕ ಅವರ ಕಿವಿಯ ಹತ್ತಿರ ಬಾಗಿದಳು.

"ನನ್ನ ಕರೀಲಿಲ್ಲ" ಅಂದಳು, ಗಟ್ಟಿಯಾಗಿ. ಆಮೇಲೆ ಅವರ ತಲೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಕತ್ತಿನ ಹಿಂದಿನ ಕೂದಲು ಕತ್ತರಿಸತೊಡಗಿದಳು.